ದನಿ ಕೇಳಿದರೆ ಗೇ ಅಂತ ಗೊತ್ತಾಗುತ್ತದಾ? ನಾನು ದನಿ ಬದಲಾಯಿಸಿಕೊಳ್ಳಬೇಕಾ?

ಕಬ್ಬಿನಗದ್ದೆ:
ನಮ್ಮೂರು ಮದ್ದೂರು ಕಡೆ, ಈಗ ಮೈಸೂರಿನಲ್ಲಿ ಕಾಲ್ ಸೆಂಟರ್ ಕೆಲಸ, ವಯಸ್ಸು 24. ನಾನು ಗೇ. ಮನೆಯಲ್ಲಿ ಗೊತ್ತಿಲ್ಲ, ಇಬ್ಬರು ಗೆಳೆಯರಿಗೆ ಮಾತ್ರ ಹೇಳಿದ್ದೇನೆ. ನನ್ನ ದನಿ ತೆಳು, ಫೋನ್ ಎತ್ತಿದರೆ ದಿನಕ್ಕೆ ನಾಲ್ಕೈದು ಜನ "ಹೇಳಿ ಮೇಡಂ" ಅನ್ನುತ್ತಾರೆ. ಮಾತಾಡುವಾಗ ಕೈ ಜಾಸ್ತಿ ಆಡುತ್ತದೆ. ನಾನು ಏನು ಅಂತ ನನಗೇ ಗೊತ್ತಾಗುವ ಮೊದಲೇ ಹೈಸ್ಕೂಲ್ ಹುಡುಗರು "ಹೆಣ್ಣಿಗ" ಅಂತ ಹೆಸರಿಟ್ಟಿದ್ದರು. ಅದನ್ನು ಹೇಗೋ ಸಹಿಸಿದೆ. ಈಗ ನೋವಾಗಿರುವುದು ಬೇರೆ. ಆ್ಯಪ್‌ನಲ್ಲಿ ಪರಿಚಯವಾದ ಒಬ್ಬರು ಎರಡು ವಾರ ಚೆನ್ನಾಗಿ ಮೆಸೇಜ್ ಮಾಡಿ, ಕುಕ್ಕರಹಳ್ಳಿ ಕೆರೆ ಹತ್ತಿರ ಸಿಕ್ಕ ಹತ್ತೇ ನಿಮಿಷಕ್ಕೆ "ನಿನ್ನ ಜೊತೆ ಓಡಾಡಿದರೆ ನನ್ನ ವಿಷಯಾನೂ ಗೊತ್ತಾಗಿಬಿಡುತ್ತೆ, ಸ್ವಲ್ಪ ಗಂಡಸಿನ ಥರ ಮಾತಾಡೋಕಾಗಲ್ವಾ" ಅಂದರು. ಅವರೂ ಗೇ. ಅವತ್ತಿನಿಂದ ಗಂಟಲು ಬಿಗಿದು ದಪ್ಪ ದನಿ ತೆಗೆಯುತ್ತಿದ್ದೇನೆ. ಸಂಜೆ ಹೊತ್ತಿಗೆ ಗಂಟಲು ಉರಿ. ಏನು ಮಾಡಲಿ?

ಜಿಮ್‌ಪ್ರಿಯ:
ಜನ ಹೀಗೇ ಬ್ರದರ್. ನಾವೇ ಸ್ವಲ್ಪ ಅಡ್ಜಸ್ಟ್ ಆಗಬೇಕು. ಆಫೀಸಲ್ಲಿ ಗಟ್ಟಿಯಾಗಿ ಮಾತಾಡಿ, ಕೈ ಜೇಬಲ್ಲಿಟ್ಟುಕೊಳ್ಳಿ, ಯಾರೂ ಕೇಳಲ್ಲ.

ಒಂಟಿಕೊಪ್ಪಲಿನವ:
ಮೇಲಿನ ಮಾತು ಒಪ್ಪಲ್ಲ. ನನಗೆ ಮದುವೆಯಾಗಿ ಒಂಬತ್ತು ವರ್ಷ, ನಾನು ಗೇ ಅಲ್ಲ, ದನಿ ಮಾತ್ರ ನಿಮ್ಮ ಥರಾನೇ. ಕಾಲೇಜಿನಲ್ಲಿ ನನಗೂ ಅದೇ ಹೆಸರು. ಗಟ್ಟಿ ದನಿಯ ನನ್ನ ರೂಮ್‌ಮೇಟ್ ಗೇ ಅಂತ ನಾಲ್ಕು ವರ್ಷ ಯಾರಿಗೂ ಹೊಳೆಯಲಿಲ್ಲ. ಕೈ ಜೇಬಲ್ಲಿಟ್ಟು ನೋಡಿದ್ದೇನೆ, ಆಮೇಲೆ ನಡಿಗೆ ಹಿಡಿದುಕೊಂಡರು.

ಗಂಗೋತ್ರಿ_ಸ್ಪೀಚ್:
ವಾಕ್ ಚಿಕಿತ್ಸೆ ಓದಿದವಳು ನಾನು, ಅದಕ್ಕೆ ಬರೆಯುತ್ತಿದ್ದೇನೆ. ಹರೆಯದಲ್ಲಿ ಧ್ವನಿಪೆಟ್ಟಿಗೆ ಎಷ್ಟು ಬೆಳೆಯುತ್ತದೆ, ಧ್ವನಿತಂತುಗಳು ಎಷ್ಟು ಉದ್ದವಾಗುತ್ತವೆ ಅನ್ನುವುದರ ಮೇಲೆ ದನಿ ದಪ್ಪವೋ ತೆಳುವೋ ಆಗುತ್ತದೆ. ಯಾರನ್ನು ಇಷ್ಟಪಡುತ್ತೀರಿ ಅನ್ನುವುದರ ಮೇಲಲ್ಲ. ಕೈ ಆಡಿಸುವುದು, ಮಾತಿನ ಏರಿಳಿತ, ಇವೆಲ್ಲ ಬಹುಮಟ್ಟಿಗೆ ಚಿಕ್ಕಂದಿನಿಂದ ಸುತ್ತಲಿನವರ ಮಾತು ಕೇಳಿ, ನೋಡಿ ಬರುವಂಥವು. 1994ರಲ್ಲಿ ಅಮೆರಿಕದಲ್ಲಿ ಗೌಡಿಯೊ ಅನ್ನುವ ಭಾಷಾವಿಜ್ಞಾನಿ ಎಂಟು ಗಂಡಸರ ದನಿ ರೆಕಾರ್ಡ್ ಮಾಡಿ ಕೇಳಿಸಿದರು. ಕೇಳಿದವರು ಯಾರು ಗೇ ಅಂತ ಹೆಚ್ಚುಕಡಿಮೆ ಸರಿಯಾಗಿಯೇ ಊಹಿಸಿದರು, ಅದು ನಿಜ. ಆದರೆ ಅಳೆದು ನೋಡಿದಾಗ ದನಿಯ ಏರಿಳಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅದೂ ಎಂಟೇ ಜನ, ಅದೂ ಇಂಗ್ಲಿಷ್. ಅದನ್ನಿಟ್ಟುಕೊಂಡು ಕನ್ನಡ ಮಾತಾಡುವ ಮದ್ದೂರಿನ ಹುಡುಗನನ್ನು ತೂಗೋಕಾಗಲ್ಲ. ಗಂಟಲು ಬಿಗಿಯುವುದನ್ನು ಮಾತ್ರ ಇವತ್ತೇ ನಿಲ್ಲಿಸಿ, ಕಾಲ್ ಸೆಂಟರ್‌ನವರು ಹೀಗೆ ಮಾಡಿದರೆ ಧ್ವನಿತಂತುಗಳಲ್ಲಿ ಗಂಟು ಬರಬಹುದು. ಉರಿ ಕಡಿಮೆಯಾಗದಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ. ಉರಿಗಾಗಿ ಮಾತ್ರ ಹೋಗಿ. ತೆಳು ದನಿ ಕಾಯಿಲೆ ಅಲ್ಲ.

ಹಳೇಮಂಡ್ಯ52:
ತಮ್ಮಾ, ಕೆರೆ ಹತ್ತಿರ ಹಾಗಂದರಲ್ಲ, ನಾನೂ ಒಂದು ಕಾಲಕ್ಕೆ ಅವರ ಥರಾನೇ ಇದ್ದೆ. ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಆಡಿದಾಗ ನಮ್ಮ ಬೀದಿಯ ಒಬ್ಬರು ದ್ರೌಪದಿ ಪಾತ್ರ ಮಾಡಿದ್ದರು. ಅವರ ದನಿಗೆ, ಕೈ ತಿರುಗಿಸುವ ಬಗೆಗೆ ಊರಿಗೆ ಊರೇ ಸಿಳ್ಳೆ ಹೊಡೆಯಿತು, ನೋಟಿನ ಹಾರ ಹಾಕಿದರು. ಬೆಳಗ್ಗೆ ಆಲೆಮನೆ ಹತ್ತಿರ ಅದೇ ದನಿ, ಅದೇ ಕೈ ಹಿಡಿದು ಅದೇ ಜನ ಆಡಿಕೊಂಡರು. ನಾನೂ ನಕ್ಕೆ. ನನ್ನ ದನಿ ಗಡಸು, ಯಾರಿಗೂ ಅನುಮಾನ ಬರಲ್ಲ ಅಂತ ಧೈರ್ಯ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಂ ಬಗ್ಗೆ, ವಯಸ್ಕರು ಒಪ್ಪಿ ಇಟ್ಟುಕೊಂಡ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಾಗ ಟಿವಿ ಮುಂದೆ ಕೂತು ಅತ್ತುಬಿಟ್ಟೆ, ಅವತ್ತು ನೆನಪಾಗಿದ್ದು ಅವರ ಮುಖ. ಅಡಗಿಕೊಳ್ಳೋಕೆ ನನಗೆ ದನಿ ಇತ್ತು, ಅವರಿಗೆ ಇರಲಿಲ್ಲ.

ಕಬ್ಬಿನಗದ್ದೆ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತೂ ಒಬ್ಬರು ಮೇಡಂ ಅಂದರು. ಗಂಟಲು ಬಿಗಿಯದೆ "ನಾನು ಹುಡುಗ ಸರ್, ಹೇಳಿ" ಅಂದೆ. ಅವರು ಸಾರಿ ಅಂದು ಬಿಲ್ಲಿನ ವಿಷಯಕ್ಕೆ ಬಂದರು, ಅಷ್ಟೇ. ಹಳೇಮಂಡ್ಯ ಅಣ್ಣ, ಆ ದ್ರೌಪದಿ ಪಾತ್ರದವರು ಈಗ ಎಲ್ಲಿದ್ದಾರೆ? ಅವರನ್ನು ಒಮ್ಮೆ ಮಾತಾಡಿಸಿದಿರಾ?