ಅಪ್‌ಡೇಟ್: ಏರ್ ಸಸ್ಪೆನ್ಷನ್ ನಿಧಾನ ಆಗಿದ್ದು ಕಂಪ್ರೆಸರ್ ತಪ್ಪಲ್ಲ

ಹೋದ ವಾರ ಕೇಳಿದ್ನಲ್ಲ, ನನ್ನ ಹಳೇ ಟೂರಿಂಗ್ ಬೈಕಲ್ಲಿ ಹಿಂದಿನ ಏರ್ ಶಾಕ್ (ಕಂಪ್ರೆಸರಿಂದ ಗಾಳಿ ತುಂಬೋ ಶಾಕ್ ಅಬ್ಸಾರ್ಬರ್) 40 ಪಿಎಸ್‌ಐ ಗಾಳಿ ಒತ್ತಡಕ್ಕೆ ಏರೋಕೆ ಏಳೆಂಟು ನಿಮಿಷ ತಗೋತಿದೆ ಅಂತ, ಸಿಕ್ತು ಕಾರಣ. ಹೊಸ ಕಂಪ್ರೆಸರ್ ಆರ್ಡರ್ ಮಾಡೋದ್ರಲ್ಲಿದ್ದೆ, ಸದ್ಯ ಮಾಡ್ಲಿಲ್ಲ! ಸೋಪ್ ನೀರು ಹಚ್ಚಿದ್ರೆ ಗಾಳಿ ಪೈಪಿನ ಜಾಯಿಂಟಲ್ಲಿ ಸಣ್ಣ ಗುಳ್ಳೆ, ಅಂದ್ರೆ ಲೀಕ್, ಅಲ್ಲಿನ ಓ-ರಿಂಗ್ (ರಬ್ಬರ್ ಸೀಲ್) ಬದಲಾಯ್ಸಿದ್ರೂ ಸ್ವಲ್ಪನೇ ಫರಕು. ಆಮೇಲೆ ಕಂಪ್ರೆಸರ್ ಓಡ್ತಿರುವಾಗ್ಲೇ ಅದರ ಕನೆಕ್ಟರಿಗೆ ಮಲ್ಟಿಮೀಟರ್ ಇಟ್ರೆ ಬರೀ 9.6 ವೋಲ್ಟ್, ಬ್ಯಾಟರಿ ಹತ್ರ 12.4 ಇದೆ, ನಡುವೆ ಯಾರು ತಿಂತಿದಾರೆ ಅಂತ ರಿಲೇ (ಕಂಪ್ರೆಸರಿಗೆ ಕರೆಂಟ್ ಬಿಡೋ ಸ್ವಿಚ್) ಕಿತ್ತು ನೋಡಿದ್ರೆ ಪಿನ್ ಎಲ್ಲಾ ಹಸಿರು ಕಿಲುಬು. ಉಜ್ಜಿ ಹಾಕ್ದೆ. ಗಾಳಿಯ ತೇವ ತೆಗೆಯೋ ಡ್ರೈಯರ್ ಒಳಗಿನ ಸಿಲಿಕಾ ಕಾಳೂ ತೇವ ಹೀರಿ ಪುಡಿಯಾಗಿ ಗಾಳಿ ದಾರಿ ಕಟ್ಟಿತ್ತು, ಅದನ್ನೂ ಬದಲಾಯ್ಸ್ದೆ. ಈಗ ಎರಡು ನಿಮಿಷದೊಳಗೆ ಏರುತ್ತೆ. ವೋಲ್ಟೇಜ್ ನೋಡಿ ಅಂದೋರಿಗೆ ಥ್ಯಾಂಕ್ಸ್, ಆಗ ನಂಬಿರ್ಲಿಲ್ಲ, ಸಾರಿ.