ಬಳ್ಳಿ ರಕ್ತದ ಜಗಳ: ನಮ್ಮ ಮನೆ ಗುಂಪಿನಿಂದ

ಸತೀಶ: (ಫಾರ್ವರ್ಡ್) ಹೊಕ್ಕುಳಬಳ್ಳಿ ರಕ್ತ ನಮ್ಮ ಬ್ಯಾಂಕಿನಲ್ಲಿ ಕೂಡಿಡಿ, ಮುಂದೆ ಕಾಯಿಲೆ ಬಂದರೆ ಚಿಕಿತ್ಸೆಗೆ ಬಳಸಿ, ಮಗುವಿಗೆ ಜೀವನಪೂರ್ತಿ ರಕ್ಷಣೆ. ಈ ತಿಂಗಳು ಬುಕ್ ಮಾಡಿದವರಿಗೆ ರಿಯಾಯಿತಿ.

ಸತೀಶ: ಚಿತ್ರಾ, ಓದು. ಅಡ್ವಾನ್ಸ್ ನಾನೇ ಕಟ್ತೀನಿ. ಸೋದರಮಾವನ ಉಡುಗೊರೆ.

ಭಾರತಿ ಅತ್ತೆ: ಸತೀಶ, ದುಡ್ಡು ಕಟ್ಟಬೇಡ, ತಾಳು. 26 ವರ್ಷ ಲೇಬರ್ ರೂಮಲ್ಲಿ ನಿಂತೋಳು ಹೇಳ್ತಿದೀನಿ.

ಸತೀಶ: ಹೇಗೂ ಮಾಸಿನ ಜೊತೆ ಎಸೆಯೋದೇ ಅಲ್ವಾ ಅತ್ತೆ?

ಭಾರತಿ ಅತ್ತೆ: ಅದು ಮಗುವಿನ ರಕ್ತ ಕಣೋ! ಹುಟ್ಟಿದ ಮೇಲೂ ಬಳ್ಳಿ ಮಿಡೀತಿರುತ್ತೆ. ಮೂರು ನಿಮಿಷ ಕತ್ತರಿಸದೆ ಬಿಟ್ಟರೆ ಸುಮಾರು 80–100 ಎಂ.ಎಲ್. ಮಗುವಿನ ಮೈಗೆ ಹೋಗುತ್ತೆ. ಅದರಲ್ಲಿರೋ ಕಬ್ಬಿಣಾಂಶ ಎಷ್ಟೋ ತಿಂಗಳು ಮಗುವನ್ನ ರಕ್ತಹೀನತೆಯಿಂದ ಕಾಯುತ್ತೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೆ ರಕ್ತಹೀನತೆ ಅಂತ 2019–21ರ ಆರೋಗ್ಯ ಸಮೀಕ್ಷೆ ಹೇಳಿದೆ. ಕೂಡಿಡೋ ಬ್ಯಾಗಿಗೆ ಜಾಸ್ತಿ ರಕ್ತ ಬೇಕು ಅಂದ್ರೆ ಬಳ್ಳಿಗೆ ಬೇಗ ಕ್ಲ್ಯಾಂಪ್ ಹಾಕಿ, ಮಗುವಿಗೆ ಹೋಗೋದನ್ನ ತಡೀಬೇಕು. ನನಗೆ ಸಂಕಟ ಆಗೋದೇ ಅಲ್ಲಿ.

ವಿದ್ಯಾ: ನಾವು ಕಟ್ಟಿದ್ವಲ್ಲ. ಪಾಪು 36 ವಾರಕ್ಕೇ ಹುಟ್ಟಿತು, 2.1 ಕೆ.ಜಿ. ಬ್ಯಾಗು ಅರ್ಧವೂ ತುಂಬಲಿಲ್ಲ. ಚಿಕಿತ್ಸೆಗೆ ಬೇಕಾದ ಜೀವಕೋಶ ಕಡಿಮೆ ಅಂತ ಬ್ಯಾಂಕಿನಿಂದ ಆಮೇಲೆ ಮೇಲ್ ಬಂತು. ವರ್ಷಾ ವರ್ಷಾ ಫೀಸು ಮಾತ್ರ ಕಟ್ತಾನೇ ಇದೀವಿ.

ಭಾರತಿ ಅತ್ತೆ: ಮಗು ಸಣ್ಣದಾದ್ರೆ ಮಾಸೂ ಸಣ್ಣದು ವಿದ್ಯಾ, ನಿನ್ನ ತಪ್ಪೇನಿಲ್ಲ. ಬಳ್ಳಿಯೊಳಗೆ ರಕ್ತ ಹೆಪ್ಪುಗಟ್ಟಿದ್ರೂ, ಸೂಜಿ ರಕ್ತನಾಳದಿಂದ ಜಾರಿದ್ರೂ ಬ್ಯಾಗು ತುಂಬಲ್ಲ.

ಸತೀಶ: ಆದ್ರೆ 1988ರಲ್ಲಿ ಪ್ಯಾರಿಸ್‌ನಲ್ಲಿ ಬಳ್ಳಿ ರಕ್ತ ಕೊಟ್ಟೇ ಒಬ್ಬ ಹುಡುಗನ ಜೀವ ಉಳೀತಲ್ಲ? ಅದೂ ಸುಳ್ಳಾ?

ಭಾರತಿ ಅತ್ತೆ: ನಿಜ. ಯಾರ ರಕ್ತ ಅದು? ಆಗಷ್ಟೇ ಹುಟ್ಟಿದ ತಂಗಿಯದು. ಅವನಿಗಿದ್ದದ್ದು ವಂಶವಾಹಿ ಕಾಯಿಲೆ, ಅವನದೇ ರಕ್ತ ಇಟ್ಟಿದ್ದರೆ ಅದರಲ್ಲೂ ಅದೇ ದೋಷ ಇರ್ತಿತ್ತು. ಹುಟ್ಟಿನಿಂದ ಬರೋ ರಕ್ತದ ಕಾಯಿಲೆ ತಲಸ್ಸೀಮಿಯಾನೂ ಹಾಗೇ. ಸ್ವಂತಕ್ಕೆ ಅಂತ ಕೂಡಿಡೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 2017ರಲ್ಲೇ ಬರೆದಿದೆ. ಮನೇಲಿ ದೊಡ್ಡ ಮಗುವಿಗೆ ಅಂಥ ಕಾಯಿಲೆ ಇದ್ದಿದ್ರೆ ನಾನೇ ಮುಂದೆ ನಿಂತು ತೆಗೆಸ್ತಿದ್ದೆ.

ಅಪ್ಪ: ಭಾರತಿ, ಅವನೇನೋ ಪ್ರೀತಿಯಿಂದ ಕಳಿಸಿದಾನೆ ಕಣೆ.

ಭಾರತಿ ಅತ್ತೆ: ಗೊತ್ತು ಅಣ್ಣ. ಅದಕ್ಕೇ ಇಷ್ಟು ಟೈಪ್ ಮಾಡ್ತಿರೋದು. ಬಸುರಿ ಹೆಂಗಸರ ಭಯ ಹಿಡ್ಕೊಂಡು ಮಾರೋದನ್ನ ನೋಡಿ ನೋಡಿ ಸಾಕಾಗಿದೆ.

ಚಿತ್ರಾ: ಅತ್ತೆ, ಸಿಸೇರಿಯನ್ ಆದ್ರೂ ಬಳ್ಳಿ ಕತ್ತರಿಸದೆ ಕಾಯ್ತಾರಾ?

ಭಾರತಿ ಅತ್ತೆ: ಕಾಯಬಹುದು, ಒಂದು ನಿಮಿಷವಾದ್ರೂ. ಮಗು ಉಸಿರಾಡದೆ ತುರ್ತು ಆರೈಕೆ ಬೇಕಾದ್ರೆ ಬೇಗ ಕತ್ತರಿಸ್ತಾರೆ, ಆಗ ನೀನು ತಡೀಬೇಡ. ಈಗಲೇ ಡಾಕ್ಟ್ರಿಗೆ ಹೇಳಿಡು, ನೋವು ಶುರುವಾದ ಮೇಲೆ ನಿನಗೆ ನೆನಪಿರಲ್ಲ.

ಸತೀಶ: ನನಗಿನ್ನೂ ಪೂರ್ತಿ ಸಮಾಧಾನ ಇಲ್ಲ. ಸೋಮವಾರ ಚೆಕಪ್‌ಗೆ ನಾನೂ ಬರ್ತೀನಿ, ಡಾಕ್ಟ್ರನ್ನೇ ಕೇಳೋಣ. ಅಲ್ಲೀವರೆಗೂ ಅಡ್ವಾನ್ಸ್ ಕಟ್ಟಲ್ಲ.

ಚಿತ್ರಾ: ಬಾ ಅಣ್ಣ. ಹತ್ತೂವರೆಗೆ ಟೋಕನ್.