ಆಟದ ಒರಾನೋಸ್‌ಗೂ ಪುರಾಣದ ಊರಾನೋಸ್‌ಗೂ ಇರುವ ಸಂಬಂಧವೆಷ್ಟು?

ಪ್ರಶ್ನೆ

‘ಏಜ್ ಆಫ್ ಮೈಥಾಲಜಿ’ ಎಂಬ ಕಂಪ್ಯೂಟರ್ ಆಟದ 2003ರ ವಿಸ್ತರಣೆಯಾದ ‘ದ ಟೈಟನ್ಸ್’ನಲ್ಲಿ ಅಟ್ಲಾಂಟಿಸ್ ಪಡೆಯನ್ನು ಆಯ್ದುಕೊಂಡರೆ ಕ್ರೋನೋಸ್, ಗಾಯಾ, ಒರಾನೋಸ್ ಎಂಬ ಮೂವರಲ್ಲಿ ಒಬ್ಬರನ್ನು ಪ್ರಧಾನ ದೈವವಾಗಿ ಆರಿಸಿಕೊಳ್ಳಬೇಕಾಗುತ್ತದೆ. ನಾನು ಹೆಚ್ಚಾಗಿ ಒರಾನೋಸ್‌ನನ್ನೇ ಆರಿಸುತ್ತೇನೆ. ಅವನ ‘ಸ್ಕೈ ಪ್ಯಾಸೇಜ್’ ಎಂಬ ಕಟ್ಟಡದೊಳಗೆ ಸೈನಿಕರನ್ನು ಕಳುಹಿಸಿ, ನಕ್ಷೆಯ ಇನ್ನೊಂದು ಮೂಲೆಯಲ್ಲಿ ಕಟ್ಟಿದ ಅಂಥದೇ ಕಟ್ಟಡದಿಂದ ಹೊರತರಬಹುದು. ‘ಶಾಕ್‌ವೇವ್’ ಎಂಬ ದೈವಶಕ್ತಿಯಿಂದ ಶತ್ರುಪಡೆಯನ್ನು ದಿಕ್ಕಾಪಾಲು ಮಾಡಬಹುದು. ಆದರೆ ಇತ್ತೀಚೆಗೆ ಗ್ರೀಕ್ ಪುರಾಣಗಳನ್ನು ಓದತೊಡಗಿದ ಮೇಲೆ ಗೊಂದಲಕ್ಕೆ ಬಿದ್ದಿದ್ದೇನೆ. ಅಲ್ಲಿ ಊರಾನೋಸ್ ಮಗನಿಂದಲೇ ಅಂಗಹೀನನಾಗಿ ಕಥೆಯಿಂದ ಮರೆಯಾಗುತ್ತಾನೆ. ಆಕಾಶದ ದೇವರೆಂದು ಎಲ್ಲರೂ ಹೇಳುವುದು ಜ್ಯೂಸ್‌ನನ್ನು. ಹಾಗಿದ್ದರೆ ನಿಜವಾದ ಆಕಾಶದೇವ ಯಾರು? ಆಟದ ಒರಾನೋಸ್‌ನ ಶಕ್ತಿಗಳಿಗೆ ಪುರಾಣದಲ್ಲಿ ಆಧಾರವೇನಾದರೂ ಇದೆಯೇ?

ಮೊದಲ ಉತ್ತರ

ಇಬ್ಬರೂ ಆಕಾಶಕ್ಕೆ ಸೇರಿದವರೇ, ಆದರೆ ಸೇರಿದ ಬಗೆ ಬೇರೆ. ಗ್ರೀಕ್ ಭಾಷೆಯಲ್ಲಿ ‘ಊರಾನೋಸ್’ ಎಂದರೆ ಆಕಾಶವೆಂದೇ ಅರ್ಥ. ಅವನು ಆಕಾಶವನ್ನು ಆಳುವವನಲ್ಲ, ತಾನೇ ಆಕಾಶ. ಜ್ಯೂಸ್ ಆ ಆಕಾಶದಲ್ಲಿ ನಡೆಯುವ ಮಳೆ, ಗುಡುಗು, ಸಿಡಿಲುಗಳ ಒಡೆಯ. ಹಾಗಾಗಿಯೇ ಮೊದಲನೆಯವನಿಗೆ ಮೈ ಇದೆಯೇ ಹೊರತು ಕೆಲಸವಿಲ್ಲ. ಆಟ ಕಟ್ಟಿದವರಿಗೆ ಎದುರಾದ ಕಷ್ಟವೂ ಅದೇ ಇರಬೇಕು.

ಸುಮಾರು ಕ್ರಿ.ಪೂ. 700ರ ಹೊತ್ತಿನ ಕವಿ ಹೆಸಿಯಡ್‌ನ ‘ಥಿಯೋಗೊನಿ’ಯಲ್ಲಿ ಕಥೆ ಹೀಗಿದೆ. ಭೂದೇವಿ ಗಾಯಾ ತನ್ನನ್ನು ಎಲ್ಲೆಡೆಯಿಂದಲೂ ಮುಚ್ಚಬಲ್ಲ, ತನಗೆ ಸಮನಾದ ಊರಾನೋಸ್‌ನನ್ನು ತಾನೇ ಹೆರುತ್ತಾಳೆ. ಅವರಿಬ್ಬರಿಗೆ 12 ಮಂದಿ ಟೈಟನ್ನರು, ಮೂವರು ಒಕ್ಕಣ್ಣಿನ ಸೈಕ್ಲೋಪರು, ನೂರು ಕೈಗಳ ಮೂವರು ದೈತ್ಯರು ಹುಟ್ಟುತ್ತಾರೆ. ಮಕ್ಕಳನ್ನು ಬೆಳಕಿಗೆ ಬಿಡದೆ ತಂದೆ ಗಾಯಾಳ ಒಡಲೊಳಗೇ ಅದುಮಿಡುತ್ತಾನೆ. ನೋವು ತಾಳದ ತಾಯಿ ಕುಡುಗೋಲೊಂದನ್ನು ರೂಪಿಸಿ ‘ಯಾರು ಮುಂದೆ ಬರುತ್ತೀರಿ’ ಎಂದು ಕೇಳಿದಾಗ ಧೈರ್ಯ ತೋರಿದವನು ಕಿರಿಯ ಟೈಟನ್ ಕ್ರೋನೋಸ್ ಒಬ್ಬನೇ. ರಾತ್ರಿಯನ್ನು ಜೊತೆಗೆ ಕರೆತಂದು ಭೂಮಿಯ ಮೇಲೆ ಊರಾನೋಸ್ ಚಾಚಿಕೊಂಡಾಗ, ಹೊಂಚುಹಾಕಿದ್ದ ಮಗ ಅವನ ಜನನಾಂಗವನ್ನು ಕತ್ತರಿಸಿ ಎಸೆಯುತ್ತಾನೆ. ನೆಲಕ್ಕೆ ಬಿದ್ದ ರಕ್ತದಿಂದ ಸೇಡಿನ ದೇವತೆಗಳಾದ ಎರಿನಿಯರೂ ದೈತ್ಯರೂ ಹುಟ್ಟಿದರೆ, ಕಡಲಿಗೆ ಬಿದ್ದ ಅಂಗದ ಸುತ್ತ ಎದ್ದ ನೊರೆಯಿಂದ ಪ್ರೇಮದೇವತೆ ಅಫ್ರೋಡೈಟಿ ಹುಟ್ಟುತ್ತಾಳೆ.

ಇದನ್ನು ಬರೀ ಕ್ರೌರ್ಯದ ಕಥೆಯೆಂದು ಓದಿದರೆ ಅರ್ಧವಷ್ಟೇ ಸಿಗುತ್ತದೆ. ಒಂದಕ್ಕೊಂದು ಅಂಟಿಕೊಂಡಿದ್ದ ಬಾನು ಮತ್ತು ಭೂಮಿ ಬೇರ್ಪಟ್ಟು, ನಡುವೆ ಮಿಕ್ಕವರು ಬದುಕುವಷ್ಟು ಜಾಗ ಉಂಟಾದ ಕಥೆ ಅದು. ಆ ಅಂತರ ಎಷ್ಟೆಂದರೆ, ಆಕಾಶದಿಂದ ಬಿಟ್ಟ ಕಮ್ಮಾರನ ಕಂಚಿನ ಅಡಿಗಲ್ಲು ಒಂಬತ್ತು ಹಗಲು ಒಂಬತ್ತು ರಾತ್ರಿ ಬಿದ್ದು ಹತ್ತನೆಯ ದಿನ ನೆಲ ಮುಟ್ಟುತ್ತದೆ ಎಂದು ಅದೇ ಕಾವ್ಯ ಹೇಳುತ್ತದೆ. ನಿಮ್ಮ ಸೈನಿಕರು ಆಕಾಶದ ದಾರಿಯನ್ನು ಕ್ಷಣದಲ್ಲಿ ದಾಟಿಬಿಡುತ್ತಾರೆ! ಅದಕ್ಕಾಗಲಿ ಶಾಕ್‌ವೇವ್‌ಗಾಗಲಿ ಹೆಸಿಯಡ್‌ನಲ್ಲಿ ಆಧಾರವಿಲ್ಲ. ಆದರೂ ಆಕಾಶದಾರಿಯ ಕಲ್ಪನೆ ನನಗೆ ಹಿಡಿಸಿದೆ; ಎಲ್ಲ ಊರುಗಳ ಮೇಲೂ ಒಂದೇ ಆಗಿ ಹರಡಿರುವವನಿಗೆ ದೂರವೆಂಬುದು ಲೆಕ್ಕಕ್ಕಿಲ್ಲ ಎಂಬುದು ಸಹಜವಾಗಿಯೇ ಇದೆ. ಶಾಕ್‌ವೇವ್‌ನ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಅದು ಯಾವ ದೇವರಿಗೆ ಕೊಟ್ಟಿದ್ದರೂ ನಡೆಯುತ್ತಿತ್ತು.

‘ಮರೆಯಾಗುತ್ತಾನೆ’ ಎಂಬ ಮಾತನ್ನು ಮಾತ್ರ ತಿದ್ದಬೇಕು. ಕ್ರೋನೋಸ್‌ಗೆ ಅವನ ಮಗನಿಂದಲೇ ಸೋಲು ಕಾದಿದೆ ಎಂದು ಗಾಯಾಳೊಂದಿಗೆ ಭವಿಷ್ಯ ನುಡಿಯುವವನೂ, ಮಗು ಜ್ಯೂಸ್‌ನನ್ನು ಉಳಿಸಿಕೊಳ್ಳಲು ಕ್ರೋನೋಸ್‌ನ ಮಡದಿ ರಿಯಾಳಿಗೆ ಉಪಾಯ ಹೇಳಿಕೊಡುವವನೂ ಊರಾನೋಸ್‌ನೇ.

ಎರಡನೆಯ ಉತ್ತರ

ಎರಡು ಮಾತು ಸೇರಿಸುತ್ತೇನೆ. ಒರಾನೋಸ್‌ನನ್ನು ಟೈಟನ್ನರ ಸಾಲಿಗೆ ಸೇರಿಸಿದ್ದು ಆಟದ ಅನುಕೂಲ. ಪುರಾಣದಲ್ಲಿ ಅವನು ಅವರ ತಂದೆ, ಆ ಹೆಸರನ್ನು ಮಕ್ಕಳಿಗೆ ಬೈಗುಳವಾಗಿ ಇಟ್ಟವನೂ ಅವನೇ. ಅಟ್ಲಾಂಟಿಸ್‌ಗೂ ಅವನಿಗೂ ಸಂಬಂಧವಿಲ್ಲ, ಏಕೆಂದರೆ ಪ್ಲೇಟೋ ಹೇಳುವ ಆ ದ್ವೀಪ ಸಮುದ್ರದೇವ ಪೊಸೈಡನ್‌ನ ಪಾಲಿಗೆ ಬಂದದ್ದು. ಹಾಗೆ ನೋಡಿದರೆ ಆಟದಲ್ಲಿ ಕ್ರೋನೋಸ್‌ಗೆ ಕಾಲವನ್ನು ಬಳಸಿ ಕಟ್ಟಡಗಳನ್ನು ಸ್ಥಳಾಂತರಿಸುವ ಶಕ್ತಿ ಕೊಟ್ಟಿರುವುದಕ್ಕೇ ಹೆಚ್ಚು ಹಳೆಯ ಬೇರಿದೆ. ಅವನ ಹೆಸರನ್ನು ಕಾಲವೆಂಬ ಅರ್ಥದ ‘ಖ್ರೋನೋಸ್’ ಜೊತೆ ಬೆರೆಸುವ ರೂಢಿ ಪ್ರಾಚೀನ ಗ್ರೀಕರಲ್ಲೇ ಇತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಊರಾನೋಸ್ ಮತ್ತು ವೇದಗಳ ವರುಣ ಒಂದೇ ಎಂದು ಒಂದೆಡೆ ಓದಿದೆ. ಇದು ಸರಿಯೇ?

ಮೂರನೆಯ ಉತ್ತರ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೋಲಿಕೆ ಬಹಳ ಜನಪ್ರಿಯವಾಗಿತ್ತು. ಇಂದಿನ ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ. ಊರಾನೋಸ್ ಎಂಬುದನ್ನು ಅವರು ಸಾಮಾನ್ಯವಾಗಿ ಮಳೆ ಎಂಬ ಅರ್ಥದ ಸಂಸ್ಕೃತ ‘ವರ್ಷ’ ಶಬ್ದದ ಮೂಲಕ್ಕೆ ಜೋಡಿಸುತ್ತಾರೆ. ಅದಕ್ಕಿಂತ ಗಟ್ಟಿಯಾದ ನಂಟು ಜ್ಯೂಸ್‌ನದು: ಅವನ ಹೆಸರು ವೇದದ ‘ದ್ಯೌಃ’ ಮತ್ತು ರೋಮನ್ನರ ಜ್ಯುಪಿಟರ್ ಜೊತೆ ಒಂದೇ ಬೇರಿನಿಂದ ಬಂದದ್ದು, ಅದರ ಅರ್ಥ ಹೊಳೆಯುವ ಬಾನು. ಅಂದರೆ ಹೆಸರಿನ ಪ್ರಕಾರ ಮಳೆ ಸುರಿಸಬೇಕಾದವನು ಊರಾನೋಸ್, ಸುಮ್ಮನೆ ಬೆಳಗಬೇಕಾದವನು ಜ್ಯೂಸ್. ಪುರಾಣದಲ್ಲಿ ನಡೆದದ್ದು ಅದಲುಬದಲು. ಅಷ್ಟೇ ಅಲ್ಲ, ಜ್ಯೂಸ್‌ಗೆ ಸಿಡಿಲನ್ನು ಕೊಟ್ಟ ಸೈಕ್ಲೋಪರು ಊರಾನೋಸ್‌ನ ಮಕ್ಕಳು. ಆಟದಲ್ಲಿ ಜ್ಯೂಸ್‌ನ ‘ಬೋಲ್ಟ್’ ಯಾವುದಾದರೂ ಒಬ್ಬ ಶತ್ರುವನ್ನು ಒಂದೇ ಏಟಿಗೆ ಮುಗಿಸುತ್ತದಲ್ಲ, ಆ ಆಯುಧವೂ ಅಜ್ಜನ ಮನೆತನದ್ದೇ.

ಗ್ರೀಕರು ಊರಾನೋಸ್‌ನನ್ನು ಪೂಜಿಸಿದ್ದಕ್ಕೆ ಗುರುತುಗಳು ತೀರಾ ಕಡಿಮೆ. ಹೋಮರನ ಕಾವ್ಯಗಳಲ್ಲಿ ದೇವತೆಗಳು ದೊಡ್ಡ ಆಣೆ ಇಡುವಾಗ ಭೂಮಿಯನ್ನೂ ಸ್ಟಿಕ್ಸ್ ನದಿಯನ್ನೂ ಹೆಸರಿಸುವಂತೆ ಮೇಲಿನ ವಿಶಾಲ ಆಕಾಶವನ್ನೂ ಸಾಕ್ಷಿಯಾಗಿ ಹೆಸರಿಸುತ್ತಾರೆ, ಅಷ್ಟೇ.

ಪ್ರಶ್ನೆ ಕೇಳಿದವರು

ಈಗ ಒಂದು ವಿಚಿತ್ರ ಹೊಳೆಯಿತು. ಆಟದ ಗ್ರೀಕರು ದೇವಾಲಯದ ಮುಂದೆ ಪ್ರಾರ್ಥಿಸಿ ದೈವಾನುಗ್ರಹ ಗಳಿಸುತ್ತಾರೆ. 2003ರ ಆವೃತ್ತಿಯ ಅಟ್ಲಾಂಟಿಸ್‌ನವರು ಪ್ರಾರ್ಥಿಸುವುದೇ ಇಲ್ಲ, ಅವರ ವಶದಲ್ಲಿರುವ ಪುರಕೇಂದ್ರಗಳ ಸಂಖ್ಯೆಗೆ ತಕ್ಕಂತೆ ಅನುಗ್ರಹ ಸಿಗುತ್ತದೆ. ಭಕ್ತರಿಲ್ಲದ ಊರಾನೋಸ್‌ಗೆ ಇದು ಚೆನ್ನಾಗಿಯೇ ಹೊಂದುತ್ತದೆ, ಆದರೆ ನೆಲದಿಂದ ಕತ್ತರಿಸಿ ಬೇರ್ಪಡಿಸಿದ ಆಕಾಶದೇವನು ಮತ್ತೆ ನೆಲವನ್ನೇ ಹಿಡಿದುಕೊಂಡಂತಾಯಿತು.